ಓದದೆ ಬಿಟ್ಟ ಸಾಲು

ಶಿಕಾಗೋ
14 ಸೆಪ್ಟೆಂಬರ್ 1997

ಪ್ರೀತಿಯ ಭೀಮವ್ವ,

ಈ ಕಾಗದವನ್ನು ನಿನ್ನ ಹೋಟೆಲಿನ ಮಾಲಿಕ ಭುಜಂಗ ಶೆಟ್ಟರ ಕೈಯಲ್ಲಿ ಓದಿಸಬೇಡ. ನೀನೇ ಓದು. ಅದಕ್ಕೆಂದೇ ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಬರೆದಿದ್ದೇನೆ. ಎರಡು ವರ್ಷ ಭೋಸರಿಯ ನಿಮ್ಮ ಓಣಿಯಲ್ಲಿ, ಪ್ರತಿ ವಾರದ ಸೂಟಿಯ ದಿನ ಮಧ್ಯಾಹ್ನ ನಾಗವ್ವನ ಮನೆಯ ಕಟ್ಟೆಯ ಮೇಲೆ ಕೂತು ಹನ್ನೊಂದು ಮಂದಿ ಹೆಂಗಸರಿಗೆ ಕನ್ನಡ ಕಲಿಸಿದೆ. ಎಲ್ಲರೂ ಹೆಸರು ಬರೆಯಲು ಕಲಿತರು. ಕಾಗದ ಬರೆಯುವಷ್ಟು ಕಲಿತವಳು ನೀನೊಬ್ಬಳು. ಆದ್ದರಿಂದ ನನಗೆ ಇಲ್ಲಿಂದ ಕಾಗದ ಬರೆಯಲು ಇರುವವಳೂ ನೀನೊಬ್ಬಳೇ.

ಪುಣೆಯ ಕಾಲೇಜಿನಿಂದ ಒಂಬತ್ತು ತಿಂಗಳ ರಜೆ ತೆಗೆದುಕೊಂಡು ನಾನು ಇಲ್ಲಿಗೆ ಯಾಕೆ ಬಂದೆ ಎಂದು ನೀನು ಕೇಳಿದ್ದೆ. ಅವಸರದಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಕಾಲೇಜಿನಲ್ಲಿ ನಾನು ಕಲಿಸುವುದು ಅಮೆರಿಕದ ಇತಿಹಾಸ. ನೂರು ವರ್ಷದ ಹಿಂದೆ ಇಟಲಿ, ಪೋಲೆಂಡ್ ಎಂಬ ದೇಶಗಳಿಂದ ಬಡವರು ಹಡಗು ಹತ್ತಿ ಈ ಊರಿಗೆ ಬಂದರು, ನೀವು ಬಿಜಾಪುರದ ಕಡೆಯಿಂದ ಭೋಸರಿಗೆ ಬಂದ ಹಾಗೆ. ಕಸಾಯಿಖಾನೆಯಲ್ಲಿ, ಬಟ್ಟೆ ಹೊಲಿಯುವಲ್ಲಿ ದುಡಿದರು. ಒಂದು ಕೋಣೆಯಲ್ಲಿ ಎಂಟು, ಹತ್ತು ಜನ ಮಲಗಿದರು. ಆಗ ಓದಿದ ಕೆಲವು ಹೆಂಗಸರು ತಮ್ಮ ಮನೆ ಬಿಟ್ಟು ಬಂದು ಅವರ ನಡುವೆಯೇ ಮನೆ ಮಾಡಿದರು. ಅವರಿಗೆ ಅಕ್ಷರ ಕಲಿಸಿದರು. ಬಾಗಿಲು ಬಾಗಿಲಿಗೆ ಹೋಗಿ ಎಷ್ಟು ಜನ, ಎಷ್ಟು ನಳ ಎಂದು ಬರೆದುಕೊಂಡರು. ಅದನ್ನು ಸರಕಾರದ ಮುಂದಿಟ್ಟು ಕಾನೂನು ಮಾಡಿಸಿದರು. ಆ ಹಳೆಯ ಕಾಗದಗಳೆಲ್ಲ ಇಲ್ಲಿಯ ಗ್ರಂಥಾಲಯದಲ್ಲಿವೆ. ನಾನು ದಿನವೂ ಅವನ್ನು ಓದುತ್ತೇನೆ.

ನಾವಿಬ್ಬರೂ ಮಾಡಿದ್ದೂ ಅದೇ ಕೆಲಸ. ಅರವತ್ತೆರಡು ಮನೆ, ಒಂದು ನಳ, ಒಂದೂ ಪಾಯಖಾನೆ ಇಲ್ಲ. ನೀನು ಜೊತೆಗಿಲ್ಲದಿದ್ದರೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಹೊರಡುವ ಹಿಂದಿನ ವಾರ ವರದಿಯನ್ನು ಫೋಟೋಗಳ ಸಮೇತ ನಗರಪಾಲಿಕೆಯ ಕಚೇರಿಗೆ ಕೊಟ್ಟು ಬಂದಿದ್ದೇನೆ. ಯಾರಾದರೂ ಬಂದರೇ? ಬರೆ.

ಇಲ್ಲಿ ಮೂರನೆಯ ಮಹಡಿಯಲ್ಲಿ ಒಂದು ಕೋಣೆ. ಬಂದು ಹದಿನೈದು ದಿನವಾಯಿತು. ಕನ್ನಡದಲ್ಲಿ ಒಂದು ಮಾತೂ ಆಡಿಲ್ಲ. ನಿನ್ನೆ ಸಾರಿಗೆ ಉಪ್ಪು ಹಾಕುವಾಗ "ಸಾಕೇನು?" ಎಂದು ಗಟ್ಟಿಯಾಗಿ ಕೇಳಿಕೊಂಡೆ.

ನಿನ್ನ
ತ್ರಿವೇಣಿ ಅಕ್ಕ


ಭೋಸರಿ
5 ಅಕ್ಟೋಬರ್ 1997

ಅಕ್ಕೋರಿಗೆ ಭೀಮವ್ವ ಮಾಡುವ ನಮಸ್ಕಾರಗಳು.

ಇದು ನಾನು ಬರೆಯುವ ಮೊದಲನೆಯ ಕಾಗದ. ಬರೆಯುವಾಗ ಪುಸ್ತಕದ ಹಾಗೆ ಬರೆಯಬೇಕು ಎಂದು ನೀವು ಹೇಳಿಕೊಟ್ಟಿದ್ದೀರಿ. ಹಾಗೇ ಬರೆಯುತ್ತೇನೆ. ತಪ್ಪು ಇದ್ದರೆ ತಿದ್ದಿ ಕಳಿಸಿರಿ.

ಹೋಟೆಲಿನಲ್ಲಿ ಅಕ್ಕಿ ಆರಿಸುತ್ತಿದ್ದೆ. ಭುಜಂಗ ಶೆಟ್ಟರು ಗಲ್ಲೆಯಿಂದ ಎದ್ದು ಒಳಗೇ ಬಂದರು. "ಎಂತ ಮಾರಾಯ್ತಿ, ನಲವತ್ತು ವರ್ಷದಲ್ಲಿ ನನಗೆ ಒಂದು ಅಮೆರಿಕದ ಕಾಗದ ಬಂದದ್ದಿಲ್ಲ, ನಿಮಗೆ ಬಂತಲ್ಲ!" ಎಂದರು. ಕೈ ತೊಳೆದು ಬಂದು ತೆಗೆದುಕೊಂಡೆ. ಓದಲು ನಾಲ್ಕು ದಿನ ಹಿಡಿಯಿತು. ಯಾರಿಂದಲೂ ಓದಿಸಲಿಲ್ಲ.

ಅಕ್ಕೋರೆ, ಕಚೇರಿಯವರು ಬಂದಿದ್ದರು. ಇಬ್ಬರು ಟೇಪು ಹಿಡಿದು ಓಣಿಯ ಉದ್ದಗಲ ಅಳೆದರು. ಒಬ್ಬನು ಎಲ್ಲರ ಬಾಗಿಲ ಮೇಲೆ ಕೆಂಪು ಬಣ್ಣದಿಂದ ನಂಬರು ಬರೆದನು. ನನ್ನ ಮನೆ ಹದಿನೇಳು, ನಾಗವ್ವನದು ಹದಿನೆಂಟು. ನಳ ಬರುತ್ತದೆಯೇ ಸಾಹೇಬರೇ ಎಂದು ನಾಗವ್ವ ಮರಾಠಿಯಲ್ಲಿ ಕೇಳಿದಳು. ಅವರು ನಕ್ಕರು. ಓಣಿಯವರೆಲ್ಲ ನನ್ನನ್ನು ಕೇಳುತ್ತಾರೆ, ಯಾವಾಗ ಬರುತ್ತದೆ ಎಂದು. ನಾನೇ ಇಂಜಿನಿಯರು ಎನ್ನುವ ಹಾಗೆ. ನಾಗವ್ವ ನನಗೆ ಶೇಂಗಾ ಹೋಳಿಗೆ ಕೊಟ್ಟು ಕಳಿಸಿದಳು. ನನ್ನ ಗಂಡ ಸತ್ತು ಐದು ವರ್ಷವಾಯಿತು. ಅಂದಿನಿಂದ ನಮ್ಮ ಮನೆಗೆ ಇಷ್ಟು ಜನ ಬಂದಿರಲಿಲ್ಲ.

ನಿಮಗೆ ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೇ?

ಭೀಮವ್ವ


ಶಿಕಾಗೋ
28 ಅಕ್ಟೋಬರ್ 1997

ಭೀಮವ್ವ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತೇ ಓದಿದೆ. ಕೋಣೆಯವರೆಗೆ ಹೋಗಲು ತಾಳ್ಮೆ ಇರಲಿಲ್ಲ. ಎರಡೇ ತಪ್ಪು. ಅವನ್ನು ತಿದ್ದುವುದಿಲ್ಲ.

ನಂಬರು ಬರೆದರೆಂದರೆ ಕಡತ ಮುಂದೆ ಸರಿದಿದೆ. ಇಷ್ಟು ಬೇಗ ಆಗುತ್ತದೆ ಎಂದು ನಾನು ಎಣಿಸಿರಲಿಲ್ಲ. ನಾಗವ್ವನಿಗೆ ಹೇಳು, ನಾನು ಬರುವಷ್ಟರಲ್ಲಿ ಅವಳ ಮನೆ ಮುಂದೆ ನೀರು ಬಂದಿರಬೇಕು.

ಈ ವಾರ ಒಂದು ದೊಡ್ಡ ಕಡತ ಸಿಕ್ಕಿತು. ಇಲ್ಲಿಯ ಒಂದು ಓಣಿ ನಿಮ್ಮದಕ್ಕಿಂತ ಕಡೆಯಾಗಿತ್ತು. ಗಾಳಿ ಇಲ್ಲ, ಬೆಳಕಿಲ್ಲ, ಮಕ್ಕಳು ಕ್ಷಯದಿಂದ ಸಾಯುತ್ತಿದ್ದರು. ಆ ಹೆಂಗಸರು ಮೂರು ವರ್ಷ ಬಡಿದಾಡಿ ಆ ಮನೆಗಳನ್ನೆಲ್ಲ ಕೆಡವಿಸಿದರು. ಅಲ್ಲಿ ಮಕ್ಕಳಿಗೆ ಆಟದ ಬಯಲು ಮಾಡಿಸಿದರು. ಉಯ್ಯಾಲೆಯ ಮೇಲೆ ಕೂತ ಮಕ್ಕಳ ಫೋಟೋ ಕಡತದಲ್ಲಿದೆ. ಅದನ್ನು ನೋಡಿ ಕಣ್ಣು ತುಂಬಿ ಬಂತು.

ಚಳಿ ಶುರುವಾಗಿದೆ. ಕೆಳಗಿನ ಮನೆಯ ಮುದುಕಿ ಪೋಲೆಂಡಿನವಳು. ಎದುರಾದಾಗ ಏನೋ ಹೇಳುತ್ತಾಳೆ. ಅವಳ ಇಂಗ್ಲಿಷು ನನಗೆ ತಿಳಿಯುವುದಿಲ್ಲ, ನನ್ನದು ಅವಳಿಗೆ. ಇಬ್ಬರೂ ತಲೆಯಾಡಿಸಿ ಬಾಗಿಲು ಹಾಕಿಕೊಳ್ಳುತ್ತೇವೆ.

ಪಾಠ ನಿಲ್ಲಿಸಬೇಡಿ. ಉಳಿದವರಿಗೆ ನೀನು ಓದಿಸು.

ತ್ರಿವೇಣಿ ಅಕ್ಕ


ಭೋಸರಿ
30 ನವೆಂಬರ್ 1997

ಅಕ್ಕೋರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಕೆಲಸ ಜಾಸ್ತಿ ಇತ್ತು. ನಾನು ಚೆನ್ನಾಗಿದ್ದೇನೆ. ಪಾಠ ಈಗ ನಡೆಯುತ್ತಿಲ್ಲ. ಎಲ್ಲರಿಗೂ ಅವರವರ ಕೆಲಸ.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಒಂದು ಮಾತು ಕೇಳಬೇಕು. ಆ ಊರಿನಲ್ಲಿ ಮನೆ ಕೆಡವಿ ಬಯಲು ಮಾಡಿದರಲ್ಲ, ಆ ಮನೆಗಳಲ್ಲಿ ಇದ್ದವರು ಎಲ್ಲಿ ಹೋದರು? ಉಯ್ಯಾಲೆ ಮೇಲೆ ಕೂತ ಮಕ್ಕಳು ಅವರ ಮಕ್ಕಳೇ ಏನು?

ಚಳಿಯಲ್ಲಿ ಹುಷಾರಾಗಿರಿ. ತಲೆಗೆ ಕಟ್ಟಿಕೊಳ್ಳಿರಿ.

ಭೀಮವ್ವ


ಶಿಕಾಗೋ
22 ಡಿಸೆಂಬರ್ 1997

ಭೀಮವ್ವ,

ಪಾಠ ನಿಂತಿತೆಂದು ಓದಿ ಬೇಸರವಾಯಿತು. ಬೇಸರಕ್ಕಿಂತ ಸಿಟ್ಟೇ ಬಂತು ಎನ್ನು. ವಾರಕ್ಕೆ ಎರಡು ತಾಸು ಸಿಗುವುದಿಲ್ಲವೇ? ನಾನು ಬೆನ್ನು ತಿರುಗಿಸಿದ ಕೂಡಲೇ ಹೀಗಾದರೆ ಹೇಗೆ?

ಆದರೆ ನಿನ್ನ ಪ್ರಶ್ನೆ! ಇಪ್ಪತ್ತು ವರ್ಷದಿಂದ ಆ ಅಧ್ಯಾಯ ಕಲಿಸುತ್ತಿದ್ದೇನೆ. ಒಬ್ಬ ವಿದ್ಯಾರ್ಥಿಯೂ ಅದನ್ನು ಕೇಳಿಲ್ಲ, ನನಗೂ ಹೊಳೆದಿಲ್ಲ. ನೀನು ಶಾಲೆಗೆ ಹೋಗಿದ್ದರೆ ಏನಾಗಿರುತ್ತಿದ್ದೆಯೋ! ಮೂರು ದಿನ ಕೂತು ಹುಡುಕಿದೆ. ಕೆಡವಿದ ಮನೆಗಳ ಪಟ್ಟಿ ಇದೆ. ಎಷ್ಟು ಇಟ್ಟಿಗೆ, ಎಷ್ಟು ಕಟ್ಟಿಗೆ ಎಂಬ ಲೆಕ್ಕವೂ ಇದೆ. ಜನರ ಬಗ್ಗೆ ಒಂದು ಸಾಲೂ ಇಲ್ಲ. ನಿನ್ನೆ ಆ ಜಾಗಕ್ಕೇ ಹೋಗಿ ಬಂದೆ. ಈಗ ಅಲ್ಲಿ ಮೋಟಾರು ನಿಲ್ಲಿಸುವ ಮೈದಾನ. ಹಿಮ ಬಿದ್ದಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಯಾರನ್ನು ಕೇಳಲಿ?

ಒಂದು ಸಂತೋಷದ ಸುದ್ದಿ. ಫೆಬ್ರವರಿಯಲ್ಲಿ ಇಲ್ಲಿಯ ಪ್ರಾಧ್ಯಾಪಕರೆಲ್ಲರ ಮುಂದೆ ನಿಮ್ಮ ಓಣಿಯ ಬಗ್ಗೆ ನನ್ನ ಭಾಷಣವಿದೆ. ಫೋಟೋಗಳನ್ನು ತೆರೆಯ ಮೇಲೆ ತೋರಿಸುತ್ತೇನೆ. ನೀನು ಒಂದು ಪುಟ ಬರೆದು ಕಳಿಸು. ಅಕ್ಷರ ಕಲಿತ ಮೇಲೆ, ವರದಿ ಬರೆದ ಮೇಲೆ ಓಣಿಯಲ್ಲಿ ಏನೇನು ಬದಲಾಯಿತು ಎಂದು. ನಾನು ಕನ್ನಡದಲ್ಲೇ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತೇನೆ. ನಿನ್ನ ಮಾತು ಇಲ್ಲಿ ಕೇಳಿಸಬೇಕು.

ಬೇಗ ಬರೆ.

ತ್ರಿವೇಣಿ ಅಕ್ಕ


ಭೋಸರಿ
18 ಜನವರಿ 1998

ಅಕ್ಕೋರೆ,

ಏನೇನು ಬದಲಾಯಿತು ಎಂದು ಕೇಳಿದ್ದೀರಿ. ನಾನು ಸುಳ್ಳು ಬರೆಯಬಹುದಿತ್ತು. ಹಿಂದಿನ ಕಾಗದದಲ್ಲಿ ಬರೆದಿದ್ದೂ ಸುಳ್ಳೇ. ಆದರೆ ಅಷ್ಟು ಜನರ ಮುಂದೆ ಓದುತ್ತೀರಿ ಎಂದ ಮೇಲೆ ಕೈ ಬರಲಿಲ್ಲ.

ಓಣಿ ಇಲ್ಲ ಅಕ್ಕೋರೆ. ನವೆಂಬರ್ ಹನ್ನೊಂದನೆಯ ತಾರೀಖು ಬೆಳಿಗ್ಗೆ ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ ಎರಡು ಬುಲ್ಡೋಜರ್ ಬಂದವು. ಜೊತೆಗೆ ಪೊಲೀಸರು. "ಸಾಮಾನ ಬಾಹೇರ ಕಾಢಾ, ಸಾಮಾನ ಬಾಹೇರ", ಸಾಮಾನು ಹೊರಗೆ ತೆಗೆಯಿರಿ ಎಂದು ಮರಾಠಿಯಲ್ಲಿ ಕೂಗುತ್ತ ಬಂದರು. ಒಂದು ತಾಸು ಕೊಟ್ಟರು. ಒಂದನೆಯ ನಂಬರಿನಿಂದ ಕೆಡವುತ್ತ ಬಂದರು. ಹದಿನೇಳರ ಹೊತ್ತಿಗೆ ನಾನು ಪೆಟ್ಟಿಗೆ, ಹಂಡೆ, ನನ್ನ ಗಂಡನ ಫೋಟೋ ಹೊರಗೆ ತಂದಿದ್ದೆ. ನಾಗವ್ವನ ಸೊಸೆ ಹತ್ತು ದಿನದ ಬಾಣಂತಿ. ಅವಳನ್ನು ಹಾಸಿಗೆ ಸಮೇತ ಎತ್ತಿ ತಂದು ರಸ್ತೆಯಲ್ಲಿ ಮಲಗಿಸಿದೆವು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ನೆಲಸಮ.

ಮರುದಿನ ಪೇಪರಿನಲ್ಲಿ ಬಂತು. ಭುಜಂಗ ಶೆಟ್ಟರು ಮರಾಠಿ ಪೇಪರ್ ಓದಿ ಕನ್ನಡದಲ್ಲಿ ಹೇಳಿದರು. ಹೋಟೆಲಿನ ಮುಂದೆ ಓಣಿಯವರು ಇಪ್ಪತ್ತು ಮಂದಿ ನಿಂತಿದ್ದರು. ಒಬ್ಬ ಪ್ರಾಧ್ಯಾಪಕಿಯ ವರದಿಯಂತೆ ಈ ವಸತಿ ಮನುಷ್ಯರ ವಾಸಕ್ಕೆ ಯೋಗ್ಯವಲ್ಲ, ಆದ ಕಾರಣ ತೆರವು ಮಾಡಲಾಗಿದೆ ಎಂದು. ವರದಿಗೆ ಅಲ್ಲಿಯ ಜನರೇ ಸಹಿ ಹಾಕಿ ಒಪ್ಪಿದ್ದಾರೆ ಎಂದೂ ಇತ್ತು.

ನಾಗವ್ವ ನನ್ನ ಕಡೆ ತಿರುಗಿದಳು. "ಏನ ಭೀಮವ್ವ, ಹೌದೇನು? ನಮ್ಮ ಮನಿ ಇರಾಕ ಲಾಯಕ ಇಲ್ಲಂತ ನಮ್ಮ ಕೈಲೇ ಬರಸಿಕೊಂಡ್ರೇನು?" ಎಂದಳು.

"ನನಗ ಗೊತ್ತಿಲ್ಲವ್ವಾ" ಎಂದೆ.

"ನಿನಗ ಗೊತ್ತಿಲ್ಲ? ಅಕ್ಕೋರ ಜೋಡಿ ಮನಿ ಮನಿ ತಿರುಗಿದಾಕಿ ನೀ. ‘ಭಾಳ ಒಳ್ಳೇವರು, ಹೇಳ್ರಿ, ಹೆದರಬ್ಯಾಡ್ರಿ’ ಅಂದಾಕಿ ನೀ. ಎಲ್ಲಾರಿಗಿಂತ ಮೊದಲ ಸಹಿ ಮಾಡಿದಾಕಿ ನೀ."

ಎಲ್ಲವೂ ನಿಜ. ನಾವು ಹನ್ನೊಂದು ಮಂದಿ ನೀವು ಕಲಿಸಿದ ಅಕ್ಷರದಲ್ಲೇ ಸಹಿ ಮಾಡಿದೆವು. ಉಳಿದವರು ಹೆಬ್ಬೆಟ್ಟು ಒತ್ತಿದರು.

ಆಮೇಲೆ ಕೆಲವರು ಸ್ವಾರಗೇಟಿನಿಂದ ಬಸ್ ಹತ್ತಿ ಊರಿಗೆ ಹೋದರು. ಕೂಲಿ ಕೆಲಸ ಹಿಡಿದುಕೊಡುವ ನಮ್ಮ ಮುಕಾದಮ ಅಂಬಣ್ಣ ಹದಿನಾಲ್ಕು ಮನೆಯವರನ್ನು ರಾಂಜಣಗಾಂವಕ್ಕೆ ಕರೆದುಕೊಂಡು ಹೋದ. ಅಲ್ಲಿ ಫ್ಯಾಕ್ಟರಿಯ ಪಾಯ ತೋಡುವ ಕೆಲಸವಿದೆಯಂತೆ. ನಾಗವ್ವನೂ ಹೋದಳು. ನನ್ನನ್ನು ಬಾ ಎನ್ನಲಿಲ್ಲ. ಲಾರಿ ಹತ್ತುವಾಗ ನಾನು ಅವಳ ಹಂಡೆ ಎತ್ತಿಕೊಡಲು ಹೋದೆ. ಕೈಯಿಂದ ಕಸಿದುಕೊಂಡಳು. ಹದಿನಾರು ವರ್ಷ ಗೋಡೆಗೆ ಗೋಡೆ ಹಚ್ಚಿ ಇದ್ದವರು ನಾವು.

ನಾನೀಗ ಹೋಟೆಲಿನ ಹಿಂದೆ ಅಕ್ಕಿ ಇಡುವ ಕೋಣೆಯಲ್ಲಿ ಮಲಗುತ್ತೇನೆ. ಶೆಟ್ಟರ ಹೆಂಡತಿ ಕುಸುಮಕ್ಕ ಒಂದು ಚಾಪೆ ಕೊಟ್ಟಿದ್ದಾರೆ. ವಿಳಾಸ ಬದಲಾಗಲಿಲ್ಲ. ಅದಕ್ಕೇ ನಿಮಗೆ ಗೊತ್ತಾಗಲಿಲ್ಲ. ನೀವು ಅಷ್ಟು ದೂರ ಒಬ್ಬರೇ ಇದ್ದೀರಿ, ಇದನ್ನು ಓದಿ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ ಎಂದು ನಾನು ಬರೆದಿರಲಿಲ್ಲ.

ಈಗ ನಾನು ಒಂದು ಕೇಳುತ್ತೇನೆ. ವರದಿ ಇಂಗ್ಲಿಷಿನಲ್ಲಿತ್ತು. ಸಹಿಗೆ ಮುಂಚೆ ನೀವು ಕಟ್ಟೆಯ ಮೇಲೆ ಕೂತು ಅದನ್ನು ಕನ್ನಡದಲ್ಲಿ ಓದಿ ಹೇಳಿದಿರಿ. ನಳದ ಮಾತು ಓದಿದಿರಿ, ಪಾಯಖಾನೆಯ ಮಾತು ಓದಿದಿರಿ. ವಾಸಕ್ಕೆ ಯೋಗ್ಯವಲ್ಲ ಎಂಬ ಮಾತು ನನಗೆ ನೆನಪಿಲ್ಲ. ಅದು ಪೇಪರಿನವರು ಸೇರಿಸಿದ್ದೋ, ನೀವು ಬರೆದದ್ದೋ?

ಈ ಕಾಗದವನ್ನು ಅಲ್ಲಿ ಓದಬೇಡಿ.

ಭೀಮವ್ವ


ಶಿಕಾಗೋ
9 ಫೆಬ್ರವರಿ 1998

ಭೀಮವ್ವನವರಿಗೆ,

ನಾನು ಬರೆದದ್ದು. ಕೊನೆಯ ಪುಟದ ಮೊದಲನೆಯ ಸಾಲು. ನಿಮಗೆಲ್ಲ ಓದಿ ಹೇಳುವಾಗ ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ.

ನಿಮ್ಮ ಮನಸ್ಸಿಗೆ ನೋವಾಗಬಾರದೆಂದು ಬಿಟ್ಟೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಅದನ್ನು ಹೇಳಲಾರೆ. ಓದಿದ್ದರೆ ನಾಗವ್ವ ಸಹಿ ಮಾಡುತ್ತಿರಲಿಲ್ಲ, ಅಂಬಣ್ಣ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ನನಗದು ಗೊತ್ತಿತ್ತು. ನನಗೆ ಸಹಿ ಬೇಕಿತ್ತು. ಗಟ್ಟಿಯಾದ ಮಾತು ಬರೆಯದಿದ್ದರೆ ಕಚೇರಿಯವರು ಕದಲುವುದಿಲ್ಲ ಎಂದು ಆ ವಾಕ್ಯ ಹಾಕಿದೆ. ಕದಲಿದರೆ ಏನು ಮಾಡುತ್ತಾರೆ ಎಂದು ಯೋಚಿಸಲಿಲ್ಲ.

ಪಾಠ ಯಾಕೆ ನಿಂತಿತೆಂದು ನಿಮ್ಮ ಮೇಲೆ ರೇಗಿದೆ. ನಿಮ್ಮ ಪ್ರಶ್ನೆಯನ್ನು ಜಾಣತನವೆಂದು ಮೆಚ್ಚಿಕೊಂಡೆ. ಆಗ ನೀವು ಅಕ್ಕಿಯ ಚೀಲಗಳ ನಡುವೆ ಮಲಗಿದ್ದಿರಿ.

ಭಾಷಣವನ್ನು ಬೇಡವೆಂದು ತಿಳಿಸಿದ್ದೇನೆ. ಕಾರಣ ಕೇಳಿದರು. ನನ್ನ ಬಳಿ ಹೇಳುವಂಥದ್ದು ಏನೂ ಇಲ್ಲ ಎಂದೆ.

ಜೊತೆಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅದು ಓಣಿಯ ಎಲ್ಲರಿಗೆ. "ಭೀಮವ್ವನಿಗೆ ಏನೂ ಗೊತ್ತಿರಲಿಲ್ಲ. ನಾನು ಆ ಸಾಲನ್ನು ಓದದೆ ಬಿಟ್ಟೆ. ನಿಮಗೆ ಮೋಸ ಮಾಡಿದ ಹಾಗೆಯೇ ಅವರಿಗೂ ಮೋಸ ಮಾಡಿದೆ" ಎಂದು ಬರೆದು ಪೂರ್ತಿ ಹೆಸರಿನಿಂದ ಸಹಿ ಮಾಡಿದ್ದೇನೆ. ಯಾರಿಗೆ ತೋರಿಸಬೇಕೋ ತೋರಿಸಿರಿ. ನಾನು ಈಗಲೇ ಹೊರಟು ಬರಬೇಕೆಂದರೆ ಬರುತ್ತೇನೆ. ಒಂದು ಸಾಲು ಬರೆಯಿರಿ.

ತ್ರಿವೇಣಿ


ರಾಂಜಣಗಾಂವ
15 ಮಾರ್ಚ್ 1998

ಅಕ್ಕೋರಿಗೆ,

ನೀವು ನನಗೆ ‘ನೀವು’ ಎಂದು ಬರೆದಿದ್ದೀರಿ. ಬೇರೆ ಯಾರಿಗೋ ಬಂದ ಕಾಗದ ಎಂದುಕೊಂಡು ಮೇಲಿನ ಹೆಸರು ಮತ್ತೆ ನೋಡಿದೆ. ನೀನು ಎಂದೇ ಬರೆಯಿರಿ. ನನ್ನನ್ನು ಹಾಗೆ ಪ್ರೀತಿಯಿಂದ ಕರೆಯುವವರು ಈಗ ಯಾರೂ ಇಲ್ಲ.

ನಿಮ್ಮ ಹಾಳೆ ತೆಗೆದುಕೊಂಡು ಕಳೆದ ಭಾನುವಾರ ಇಲ್ಲಿಗೆ ಬಂದೆ. ಗಣಪತಿ ಗುಡಿಯ ಹತ್ತಿರ ಬಸ್ ಇಳಿದು, ಬಿಸಿಲಿನಲ್ಲಿ ಒಂದು ತಾಸು ನಡೆದೆ. ತಗಡಿನ ಶೆಡ್ಡುಗಳು. ನನ್ನನ್ನು ಕಂಡು ಹೆಂಗಸರು ಒಳಗೆ ಹೋದರು. ಅಂಬಣ್ಣ ಮಾತ್ರ ಹೊರಗೆ ನಿಂತಿದ್ದ. "ಅಕ್ಕೋರ ಕಾಗದ ಅದ, ಎಲ್ಲಾರಿಗೂ ಓದಬೇಕು" ಎಂದೆ. ಅವನು ಎಲ್ಲರನ್ನೂ ಕರೆದ. "ಗಟ್ಟಿಯಾಗಿ ಓದವ್ವಾ" ಎಂದ.

ಓದಿದೆ. ಒಂದು ಸಲವೂ ತೊದಲಲಿಲ್ಲ. ನೀವು ಮೋಸ ಎಂಬ ಮಾತು ಬರೆದಲ್ಲಿ ನನ್ನ ಧ್ವನಿ ಸಣ್ಣದಾಯಿತು.

ಆಮೇಲೆ ನಾಗವ್ವ ಎದ್ದಳು. "ಬರದಾಕಿ ಅಮೆರಿಕಾದಾಗ ಕುಂತಾಳ. ಓದಾಕಿ ಇಲ್ಲಿ ನಿಂತೀ. ಮನಿ ಕಳಕೊಂಡವರು ನಾವು ಕೇಳಾಕತ್ತೀವಿ. ಇದರಿಂದ ನಮಗ ಏನ ಬಂತು?" ಎಂದಳು.

"ಏನೂ ಬರಲಿಲ್ಲ" ಎಂದೆ. "ನನಗ ಗೊತ್ತಿರಲಿಲ್ಲ ಅನ್ನೂದು ಒಂದ ನಿಮಗ ಗೊತ್ತಾಗಲಿ ಅಂತ ಬಂದೆ."

ನಾಗವ್ವ ಹಾಳೆಯ ಕೆಳಗಿನ ಸಹಿ ನೋಡಿದಳು. "ಸಹಿ ಮಾಡೂ ಮುಂದ ನಾನೂ ಕೇಳಲಿಲ್ಲ" ಎಂದಳು. "ಹೆಸರು ಬರ್ಯಾಕ ಬಂತಲ್ಲ ಅನ್ನೂ ಹಿಗ್ಗಿನಾಗ ಇದ್ದೆ. ಮೂರು ಸಲಾ ಬರೀರಿ ಅಂದಿದ್ರ ಮೂರು ಸಲಾ ಬರೀತಿದ್ದೆ."

ಅಷ್ಟೇ ಅಂದು ಒಳಗೆ ಹೋದಳು. ಬಸ್ಸಿನ ಹೊತ್ತು ಮೀರಿತ್ತು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಅವಳ ಸೊಸೆ ಬಂದು, "ಅತ್ತಿ ಒಳಗ ಬಾ ಅಂತಾರ" ಎಂದಳು. ನಾಗವ್ವ ಎರಡು ರೊಟ್ಟಿ, ಚಟ್ನಿ ಇಟ್ಟ ತಾಟನ್ನು ನನ್ನ ಕಡೆ ಸರಿಸಿದಳು. ಮಾತಾಡಲಿಲ್ಲ. ಬೆಳಿಗ್ಗೆಯೂ ಮಾತಾಡಲಿಲ್ಲ. ಆದರೆ ನಾನು ಕೂಸಿಗೆ ಎರೆದು ಹಾಕುವಾಗ ಬೇಡ ಎನ್ನಲಿಲ್ಲ.

ನಾನು ಇಲ್ಲೇ ಇರುತ್ತೇನೆ ಅಕ್ಕೋರೆ. ಹೋಟೆಲಿನಲ್ಲಿ ಕುಸುಮಕ್ಕ ಒಳ್ಳೆಯವರು, ಆದರೆ ಅಲ್ಲಿ ನನಗೆ ಗೋಡೆಯ ಆಚೆ ಯಾರೂ ಇಲ್ಲ. ಪೆಟ್ಟಿಗೆ ತರಲು ಇನ್ನೊಂದು ಸಲ ಭೋಸರಿಗೆ ಹೋಗುತ್ತೇನೆ.

ನೀವು ಬರಬೇಡಿ. "ಆಕಿ ಬಂದ್ರ ನನ್ನ ಬಾಯಾಗ ಏನ ಬರ್ತದೋ ನನಗ ಗೊತ್ತಿಲ್ಲ" ಎಂದು ನಾಗವ್ವ ಸೊಸೆಯ ಹತ್ತಿರ ಹೇಳಿದ್ದನ್ನು ಕೇಳಿದ್ದೇನೆ. ನನ್ನ ಬಾಯಲ್ಲಿ ಏನು ಬರುತ್ತದೆ ಎಂದು ನನಗೂ ಗೊತ್ತಿಲ್ಲ. ನಾನು ಬರೆಯುವವರೆಗೆ ಬರಬೇಡಿ.

ಭೀಮವ್ವ


ಪುಣೆ
22 ಜೂನ್ 1998

ಭೀಮವ್ವ,

ತಿಂಗಳ ಹಿಂದೆ ವಾಪಸು ಬಂದೆ. ಭೋಸರಿಗೆ ಹೋಗಿದ್ದೆ. ಓಣಿಯ ಜಾಗಕ್ಕೆ ತಂತಿ ಬೇಲಿ ಹಾಕಿದ್ದಾರೆ, ಒಳಗೆ ಹುಲ್ಲು ಬೆಳೆದಿದೆ. ಏನೂ ಕಟ್ಟಿಲ್ಲ. ಕಟ್ಟಲು ಏನೂ ಇಲ್ಲದಿದ್ದರೂ ಕೆಡವಿದರು. ಈ ಕಾಗದವನ್ನು ಭುಜಂಗ ಶೆಟ್ಟರ ಕೈಗೆ ಕೊಡುತ್ತಿದ್ದೇನೆ. ಅಂಬಣ್ಣ ಸಾಮಾನಿಗೆ ಬಂದಾಗ ಕಳಿಸುತ್ತೇನೆ ಎಂದರು.

ಪ್ರತಿ ಸೋಮವಾರ ಕಚೇರಿಗೆ ಹೋಗುತ್ತಿದ್ದೇನೆ. ಅರವತ್ತೆರಡು ಮನೆಯವರ ಹೆಸರು ಬರೆದು, ಇವರಿಗೆ ಬೇರೆ ಜಾಗ ಕೊಡಬೇಕೆಂದು ಅರ್ಜಿ ಕೊಟ್ಟೆ. ಸಾಹೇಬರು ಕುರ್ಚಿ ಕೊಟ್ಟು, ಚಹಾ ತರಿಸಿ, "ಮ್ಯಾಡಮ್, ನಿಮ್ಮ ವರದಿಯಂತೆಯೇ ಕೆಲಸ ಆಗಿದೆಯಲ್ಲ?" ಎಂದರು. ಊರು ಬಿಟ್ಟು ಹೋದವರು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಮುಂದಿನ ಸೋಮವಾರವೂ ಹೋಗುತ್ತೇನೆ. ಆಗುತ್ತದೆಂದು ಹೇಳಲಾರೆ.

ನೀನು ಹೇಳಿದ ಹಾಗೆ ‘ನೀನು’ ಎಂದೇ ಬರೆದಿದ್ದೇನೆ.

ತ್ರಿವೇಣಿ


ಪುಣೆ
3 ಫೆಬ್ರವರಿ 1999

ಭೀಮವ್ವ,

ಉತ್ತರ ಬರಲಿಲ್ಲ. ಬೇಕೆಂದು ಕೇಳುತ್ತಿಲ್ಲ. ಹಿಂದಿನದು ಮುಟ್ಟಿತೋ ಇಲ್ಲವೋ ಎಂದು ಮತ್ತೆ ಬರೆದೆ. ಕಚೇರಿಯಲ್ಲಿ ಅರ್ಜಿಯನ್ನು ಮುಚ್ಚಿದ್ದಾರೆ.

ಈ ವರ್ಷ ಕ್ಲಾಸಿನಲ್ಲಿ ಆ ಅಧ್ಯಾಯಕ್ಕೆ ಬಂದಾಗ ನಿಮ್ಮ ಓಣಿಯ ಸಂಗತಿ ಹೇಳಿದೆ. ಬರೆದವಳು ನಾನೇ ಎಂದೂ ಹೇಳಿದೆ. ನೀತಾ ಎಂಬ ಹುಡುಗಿ, "ಆಮೇಲೆ ನೀವು ಅವರನ್ನು ನೋಡಲು ಹೋಗಲಿಲ್ಲವೇ?" ಎಂದು ಕೇಳಿದಳು. ಬರಬೇಡಿ ಎಂದಿದ್ದಾರೆ ಎಂದೆ.

ಒಂದು ಭಾನುವಾರ ಶಿವಾಜಿನಗರದ ಸ್ಟ್ಯಾಂಡಿಗೆ ಹೋಗಿ ನಿಂತಿದ್ದೆ. ನಿಮ್ಮ ಕಡೆಯ ಬಸ್ ಬಂತು. ಕಂಡಕ್ಟರ್ ಊರಿನ ಹೆಸರು ಕೂಗಿದ. ಬಸ್ ಹೋದ ಮೇಲೆ ಮನೆಗೆ ಬಂದೆ. ಶಿಕಾಗೋದಲ್ಲಿ ಇದ್ದಾಗ ನೀನು ಇಷ್ಟು ದೂರ ಇರಲಿಲ್ಲ.

ತ್ರಿವೇಣಿ


ರಾಂಜಣಗಾಂವ
20 ಆಗಸ್ಟ್ 2000

ಅಕ್ಕೋರಿಗೆ ನಮಸ್ಕಾರಗಳು.

ನಿಮ್ಮ ಎರಡೂ ಕಾಗದ ಮುಟ್ಟಿವೆ. ಏನು ಬರೆಯಬೇಕು ಎಂದು ತಿಳಿಯಲಿಲ್ಲ. ಇಷ್ಟು ದಿನವಾಯಿತು.

ಶೆಡ್ಡುಗಳ ಆಚೆ ಒಬ್ಬ ರೈತನ ಜಾಗದಲ್ಲಿ ಒಂಬತ್ತು ಮನೆಯವರು ಮಣ್ಣಿನ ಗೋಡೆ ಎಬ್ಬಿಸಿದ್ದೇವೆ. ನಾಗವ್ವನಿಗೆ ಮಳೆಗಾಲದಲ್ಲಿ ಮಂಡಿ ಹಿಡಿಯುತ್ತದೆ, ಕೆಲಸಕ್ಕೆ ಹೋಗುವುದಿಲ್ಲ. ಅವಳ ಮೊಮ್ಮಗಳು ನನ್ನ ಹತ್ತಿರವೇ ಮಲಗುತ್ತಾಳೆ. ರೇಷನ್ ಕಾರ್ಡಿನ ಅರ್ಜಿ, ಊರಿಗೆ ಕಾಗದ, ಸತ್ತ ಸುದ್ದಿ, ಹುಟ್ಟಿದ ಸುದ್ದಿ ಎಲ್ಲ ನಾನೇ ಬರೆಯುತ್ತೇನೆ.

ಮೊನ್ನೆ ನಾಗವ್ವ ಬೇಳೆ ಸೋಸುತ್ತ, "ಅಕ್ಕೋರು ಅದಾರೇನು?" ಎಂದು ಕೇಳಿದಳು. ಅದಾರ ಎಂದೆ. "ಒಬ್ರೇ ಅದಾರೇನು?" ಎಂದಳು. ಹೌದು ಎಂದೆ. ಇವತ್ತು ಅಂಗಡಿಗೆ ಹೋದವಳು ಈ ಪೋಸ್ಟ್ ಕಾರ್ಡು ತಂದು ನನ್ನ ಮುಂದೆ ಇಟ್ಟಳು.

ಬರ್ರಿ. ಗುಡಿಯ ಹತ್ತಿರ ಇಳಿದು ನನ್ನ ಹೆಸರು ಹೇಳಿದರೆ ಯಾರಾದರೂ ಮನೆ ತೋರಿಸುತ್ತಾರೆ. ಎಲ್ಲರೂ ನಿಮ್ಮ ಜೊತೆ ಮಾತಾಡುತ್ತಾರೆ ಎಂದು ನಾನು ಹೇಳಲಾರೆ. ನಾನು ಮಾತಾಡುತ್ತೇನೆ.

ಭೀಮವ್ವ